ತೇವಾಂಶದ ಕಡಿತ

ಮೂವತ್ತು ವರ್ಷ ಗೋಣಿಕೊಪ್ಪದ ಮೆಣಸಿನ ಮಂಡಿಯಲ್ಲಿ
ತಕ್ಕಡಿ ಹಿಡಿದವನು ನಾನು.
ಒಂದು ಕಾಳು ಹಲ್ಲಿಗೆ ಕೊಟ್ಟರೆ ಸಾಕು, ತೇವ ಎಷ್ಟೆಂದು ಹೇಳುತ್ತೇನೆ.
ಚೀಲಕ್ಕೆ ಇಷ್ಟು ಕಡಿತ, ಕಲ್ಲಿಗೆ ಇಷ್ಟು, ದೂಳಿಗೆ ಇಷ್ಟು,
ಸಾಹುಕಾರರ ಕಣ್ಸನ್ನೆಗೆ ಇನ್ನಷ್ಟು.
ಹಾಗಾಗಿ ವಿರಾಜಪೇಟೆಗೆ ಹಾವು ಕೊಳ್ಳಲು ಹೊರಟಾಗ
ಧೈರ್ಯವಿತ್ತು,
ಮೋಸದ ದಾರಿಗಳನ್ನೆಲ್ಲ ಬಲ್ಲವನ ಧೈರ್ಯ.

ಮಲೆತಿರಿಕೆ ಬೆಟ್ಟದ ಮಗ್ಗುಲಲ್ಲಿ ಬೊಳ್ಳವ್ವನ ಮನೆ.
ಹಿಂದೆ ಜೀಪು ನಿಲ್ಲುತ್ತಿದ್ದ ಶೆಡ್ಡು; ಈಗ ಗೋಡೆ ತುಂಬ
ಒಂದರ ಮೇಲೊಂದು ಡಬ್ಬಿ, ಡಬ್ಬಿಗೊಂದು ನಂಬರು,
ಕರೆಂಟು ಹೋದರೆ ಎಚ್ಚರಾಗುವ ಬ್ಯಾಟರಿ,
ಕಡಂಬುಟ್ಟು ಬೇಯುವಾಗಿನ ಅಡುಗೆಮನೆಯಷ್ಟು ಬೆಚ್ಚಗೆ ಗಾಳಿ.
"ಕೂತ್ಕೊಳ್ಳಿ ಹಸೈನಾರೇ. ಮೊದಲು ಹೇಳಿ, ಹಾವು ಯಾಕೆ?"

ಹೆಣ್ಣು ಕೇಳಲು ಬಂದವನಂತೆ ಕೆಮ್ಮಿದೆ.
ನಮ್ಮ ಗೋದಾಮಿನಲ್ಲೊಂದು ಕೇರೆ ಇತ್ತು, ಅಂದೆ.
ನಾಲ್ಕು ಮಳೆಗಾಲ. ಚೀಲಗಳ ಹಿಂದೆ ಅದರ ಪಾಡಿಗೆ ಅದು,
ಲೆಕ್ಕದ ಮುಂದೆ ನನ್ನ ಪಾಡಿಗೆ ನಾನು.
ಆಮೇಲೆ ನೆಲಕ್ಕೆ ಸಿಮೆಂಟು ಬಂತು, ಇಲಿಗೆ ವಿಷ ಬಂತು,
ಅದು ಬರಲಿಲ್ಲ.

"ಅದನ್ನು ನಾನು ಕೊಡಲಾರೆ. ನಮ್ಮ ಕಾಡಿನದು ಯಾವುದೂ
ಮಾರಾಟಕ್ಕಲ್ಲ. ಇದು ಪರದೇಶದ ಕುಲ, ಮೊಟ್ಟೆಯೊಡೆದದ್ದು ಇಲ್ಲೇ,
ಕಾಗದಪತ್ರ ಸರಿಯಾಗಿದೆ."
ತೆಗೆದು ಅಂಗೈಗಿಟ್ಟರು.
ಜೋಳದ ಹಾವಂತೆ. ಜೋಳ ತಿನ್ನುವುದಿಲ್ಲವಂತೆ.
ಹಣ್ಣಾದ ಕಾಫಿಯ ಬಣ್ಣ, ಹೊಟ್ಟೆಯಡಿ ಚೌಕಾಬಾರದ ಮನೆಗಳು.
ತಕ್ಕಡಿಗಿಟ್ಟರೆ ಹದಿನಾಲ್ಕು ಗ್ರಾಂ.
ಐವತ್ತು ಕಿಲೋದಿಂದ ಕೆಳಗೆ ಯೋಚಿಸದ ನನ್ನ ಕೈ
ಉಸಿರು ಬಿಗಿಹಿಡಿಯಿತು.

"ಏಳು ಸಾವಿರ."
ಮನಸ್ಸು ತಟ್ಟನೆ ಮೆಣಸಿಗೆ ಓಡಿತು: ಹನ್ನೊಂದು ಕಿಲೋ, ಚೆನ್ನಾಗಿ ಒಣಗಿದ್ದು.
ಮೈಸೂರಿನವನೊಬ್ಬ ಮೂರೂವರೆಗೆ ಕೊಡುತ್ತಾನಂತೆ, ಎಸೆದೆ.
"ಕೊಡಲಿ. ಅದು ಉಂಡದ್ದನ್ನು ಅವನು ಕಣ್ಣಾರೆ ಕಂಡಿದ್ದಾನಾ, ಕೇಳಿ."
ನೋಟುಬುಕ್ಕು ಬಿಚ್ಚಿದರು. ಯಾವ ತಾರೀಕು ಇಲಿಮರಿ ನುಂಗಿತು,
ಯಾವ ತಾರೀಕು ಮುಖ ತಿರುವಿತು,
ಪೊರೆ ಇಡಿಯಾಗಿ ಬಂತೇ, ನಡುವೆ ಹರಿಯಿತೇ.
ನಮ್ಮ ಮಂಡಿಯಲ್ಲಿ ಇಂಥ ಪುಸ್ತಕ ಎರಡಿರುತ್ತವೆ.
ಇಲ್ಲಿ ಒಂದೇ.

ಆದರೂ ಚಾಳಿ ಬಿಡಬೇಕಲ್ಲ. ಆರು, ಅಂದೆ.
ಅವರು ಮಾತಾಡದೆ ದೀಪ ಹತ್ತಿರ ತಂದು
ಬಾಲದ ತುದಿ ಹಿಡಿದು ತೋರಿದರು.
ಅಲ್ಲೊಂದು ಸಣ್ಣ ಸೊಟ್ಟ. ನನಗೆ ಕಂಡಿರಲೇ ಇಲ್ಲ.
"ಮೊಟ್ಟೆಯೊಳಗೇ ಆದದ್ದು. ನೋವಿಲ್ಲ, ಆಯಸ್ಸಿಗೆ ಕುಂದಿಲ್ಲ.
ಆದರೂ ಇದೆ. ಅದಕ್ಕೆ ಎಂಟು ನೂರು ಕಡಿತ.
ನಿಮ್ಮ ಚೌಕಾಸಿಗೆ ಒಂದು ಪೈಸೆಯೂ ಇಲ್ಲ."

ಮೂವತ್ತು ವರ್ಷ! ಚೀಲದೊಳಗಿನ ಕಲ್ಲನ್ನು
ತಾನೇ ಎತ್ತಿ ತೋರಿಸಿದ ಒಬ್ಬನನ್ನೂ ಕಂಡಿಲ್ಲ.
ಆರು ಸಾವಿರದ ಇನ್ನೂರು ಎಣಿಸಿ ಕೊಟ್ಟೆ.
ಅವರು ಎರಡು ಸಲ ಎಣಿಸಿಕೊಂಡರು.

ಬಸ್ಸಿನಲ್ಲಿ ಬಟ್ಟೆಚೀಲ ಅಂಗಿಯೊಳಗೆ, ಎದೆಯ ಬಿಸಿಗೆ.
ಎದೆ ಹಿಡಿದು ಕೂತವನನ್ನು ಕಂಡು ಪಕ್ಕದ ಸೀಟಿನ ಹೆಂಗಸು
"ಎಂತ, ನೋವಾ?" ಅಂದಳು.
ಇಲ್ಲ, ಅಂದೆ. ತಣ್ಣಗೆ ಏನೋ ಒಂದು
ನನ್ನ ಪಕ್ಕೆಲುಬು ಲೆಕ್ಕ ಮಾಡುತ್ತಿತ್ತು.

ಬೀಫಾತು ಮೂರು ದಿನ ಆ ಕೋಣೆಗೆ ಕಾಲಿಡಲಿಲ್ಲ.
ನಾಲ್ಕನೆಯ ದಿನ ಬಾಗಿಲಲ್ಲೇ ನಿಂತು, "ತಿಂದಿತಾ?"
ತಿಂದಿರಲಿಲ್ಲ.
ಬೊಳ್ಳವ್ವನಿಗೆ ಫೋನು ಮಾಡಿದರೆ,
"ಮುಟ್ಟಬೇಡಿ, ಕಾಯಿರಿ." ಅಷ್ಟೇ, ಇಟ್ಟುಬಿಟ್ಟರು.
ಎಂಟನೆಯ ರಾತ್ರಿ ತಿಂದಿತು.

ಹಳೇ ಡೈರಿಯಲ್ಲಿ ಮಂಡಿಯ ಅಕ್ಷರದಲ್ಲೇ ಬರೆದೆ:
ತೂಕ ಹದಿನಾರು ಗ್ರಾಂ.
ಚೀಲ ಇಲ್ಲ. ಕಲ್ಲು ಇಲ್ಲ.
ತೇವಾಂಶದ ಕಡಿತ,
ಇಲ್ಲಿ ಪೆನ್ನು ತುಸು ಹೊತ್ತು ಅಭ್ಯಾಸಬಲದಿಂದ ತಡೆಯಿತು,
ಇಲ್ಲ.